ಬಿಪಿ ಫಾಲೋಅಪ್ ಕಾರ್ಯಾಗಾರ: ಯಾವುದು ಮುಖಾಮುಖಿ, ಯಾವುದು ಆನ್‌ಲೈನ್?

ಪ್ರಶ್ನೆ: ಕುಷ್ಟಗಿ, ಯಲಬುರ್ಗಾ ಕಡೆಯ 6 ಪಿಎಚ್‌ಸಿಗಳಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರ) ಬಿಪಿ ಫಾಲೋಅಪ್ ಸುಧಾರಿಸುವ ಕಾರ್ಯಾಗಾರ ಆಗಬೇಕಿದೆ. ಪ್ರತಿ ಪಿಎಚ್‌ಸಿಯಿಂದ ವೈದ್ಯಾಧಿಕಾರಿ, ಸ್ಟಾಫ್ ನರ್ಸ್, ಒಬ್ಬ ಸಿಎಚ್‌ಒ (ಸಮುದಾಯ ಆರೋಗ್ಯಾಧಿಕಾರಿ), ಒಬ್ಬ ಆಶಾ. ಎಲ್ಲರನ್ನೂ ಪದೇ ಪದೇ ಕೊಪ್ಪಳಕ್ಕೆ ಕರೆಸೋಕಾಗಲ್ಲ. ಅರ್ಧ ಜನ ಹಾಲ್‌ನಲ್ಲಿ, ಉಳಿದವರು ಆನ್‌ಲೈನ್‌ನಲ್ಲಿ ಇದ್ದರೆ ನಡೆಯುತ್ತಾ?

ಉತ್ತರ 1: ನಡೆಯಲ್ಲ. ಹಾಲ್‌ನ ಚರ್ಚೆ ಆನ್‌ಲೈನ್‌ನವರಿಗೆ ಕೇಳಿಸಲ್ಲ, ಅವರು ಮ್ಯೂಟ್ ಮಾಡಿ ಒಪಿಡಿ ನೋಡ್ತಾ ಕೂರ್ತಾರೆ. ಮೊದಲ ದಿನ 24 ಜನವೂ ಕೊಪ್ಪಳದಲ್ಲಿ. ಆಮೇಲೆ 15 ದಿನಕ್ಕೊಮ್ಮೆ ಎಲ್ಲರೂ ಆನ್‌ಲೈನ್, ನಾಲ್ಕು ಸಲ. ಕೊನೆಗೆ ಅರ್ಧ ದಿನ ಮತ್ತೆ ಮುಖಾಮುಖಿ.

ಮೊದಲ ದಿನ ಪಿಪಿಟಿ ಕಮ್ಮಿ ಮಾಡಿ, ಕಫ್ (ಬಿಪಿ ನೋಡುವಾಗ ತೋಳಿಗೆ ಸುತ್ತೋ ಪಟ್ಟಿ) ಕೈಗೆ ಕೊಡಿ. 5 ನಿಮಿಷ ಸುಮ್ಮನೆ ಕೂರಿಸಿ, ಪಾದ ನೆಲಕ್ಕೆ, ಬೆನ್ನಿಗೆ ಆಸರೆ, ತೋಳು ಎದೆಯ ಮಟ್ಟಕ್ಕೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಬೇಕು. ಸೀರೆ ರವಿಕೆಯ ತೋಳಿನ ಮೇಲೇ ಕಫ್ ಸುತ್ತೋದು, ದಪ್ಪ ತೋಳಿಗೆ ಸಣ್ಣ ಕಫ್ ಹಾಕೋದು, ನೋಡುವಾಗಲೇ ಮಾತಾಡಿಸೋದು: ತಪ್ಪು ಇಲ್ಲೇ ಆಗೋದು. ಸಣ್ಣ ಕಫ್, ಮಾತು ಎರಡೂ ರೀಡಿಂಗ್ ಏರಿಸುತ್ತವೆ. ಇದನ್ನು ಪರದೆ ಮೇಲೆ ತಿದ್ದೋಕಾಗಲ್ಲ.

ಉತ್ತರ 2: ಆನ್‌ಲೈನ್ ದಿನ ಗುರುವಾರ ಇಡಬೇಡಿ, ಲಸಿಕೆ ಇರುತ್ತೆ. ತಿಂಗಳ 9ನೇ ತಾರೀಖೂ ಬೇಡ, ಗರ್ಭಿಣಿಯರ ತಪಾಸಣೆ. ಮಧ್ಯಾಹ್ನ 3ರಿಂದ 4 ಸರಿ. ಒಂದು ಪಿಎಚ್‌ಸಿಗೆ ಒಂದೇ ಲಾಗಿನ್. ಒಂದೇ ಕೋಣೆಯಲ್ಲಿ ನಾಲ್ಕು ಫೋನ್ ತೆರೆದರೆ ಕೀಂಯ್ ಅಂತ ಕೂಗುತ್ತೆ. ಪ್ರತಿ ತಂಡಕ್ಕೆ 8 ನಿಮಿಷ, ಮೂರೇ ಸಂಖ್ಯೆ: ನೋಂದಾಯಿತ ಬಿಪಿ ರೋಗಿಗಳು ಎಷ್ಟು, ಈ ತಿಂಗಳು ಬಂದವರೆಷ್ಟು, ಬಂದವರಲ್ಲಿ 140/90ಕ್ಕಿಂತ ಕೆಳಗೆ ಇರೋರೆಷ್ಟು. ಜೊತೆಗೆ ರಿಜಿಸ್ಟರ್‌ನ ಒಂದು ಪುಟದ ಫೋಟೊ, ಹೆಸರು ಮುಚ್ಚಿ. ಎಲ್ಲಾ ರೀಡಿಂಗ್ 120/80, 130/80, 140/90 ಅಂತ ಸೊನ್ನೆಗೇ ಮುಗಿದಿದ್ದರೆ ಅಂದಾಜಿಗೆ ಬರೆದಿದ್ದಾರೆ ಅಂತ ಗುಮಾನಿ ಪಡಿ.

ಪ್ರಶ್ನಿಸಿದವರು: ಗುಳೆ ಹೋದವರನ್ನು ಲೆಕ್ಕದಿಂದ ತೆಗೀಬಹುದಾ?

ಉತ್ತರ 3: ತೆಗೆದರೆ ಬಂದವರ ಶೇಕಡಾವಾರು ತಾನಾಗೇ ಏರುತ್ತೆ, ಕೆಲಸ ಏನೂ ಆಗಿರಲ್ಲ. ನೋಂದಾಯಿತರಲ್ಲೇ ಇರಲಿ, ಪಕ್ಕದಲ್ಲಿ ‘ಗುಳೆ’ ಅಂತ ಬೇರೆ ಕಾಲಂ ಹಾಕಿ. ಯಾರು ಯಾವಾಗ ಹೊರಡ್ತಾರೆ ಅನ್ನೋದು ಆಶಾಗೆ ಮೊದಲೇ ಗೊತ್ತಿರುತ್ತೆ. ಹೊರಡೋ ವಾರದಲ್ಲೇ ಬಿಪಿ ನೋಡಿ, ಸ್ಟಾಕ್ ಇದ್ದಷ್ಟು ಹೆಚ್ಚು ದಿನದ ಮಾತ್ರೆ, ಔಷಧಿ ಹೆಸರು ಬರೆದ ಚೀಟಿ ಕೈಗೆ ಕೊಡೋದು, ನಿಮ್ಮ ಎರಡನೇ ಆನ್‌ಲೈನ್ ಸಭೆಗೆ ಇದೊಂದೇ ವಿಷಯ ಸಾಕು.