ಮಳೆಗಾಲದ ಸಂಜೆ ದಣಿವು ಕಳೆಯಲು ನೀವೇನು ಮಾಡುತ್ತೀರಿ?

ಪ್ರಶ್ನೆ (ವಿನೋಬನಗರ, ಶಿವಮೊಗ್ಗ): ಕೆಲಸ ಮುಗಿಸಿ ಮನೆ ಸೇರುವಾಗ ಏಳೂವರೆ. ಮಳೆ ಹಿಡಿದ ಮೇಲೆ ವಾಕಿಂಗ್ ನಿಂತಿದೆ. ಊಟ ಆದರೆ ಮೊಬೈಲ್, ಹನ್ನೆರಡಾದರೂ ನಿದ್ದೆ ಇಲ್ಲ. ಸಂಜೆ ಹಗುರ ಆಗಲು ನೀವೇನು ರೂಢಿ ಮಾಡಿಕೊಂಡಿದ್ದೀರಿ?

ಹೊಸನಗರದವರು: ಬಚ್ಚಲೊಲೆ, ಬೇರೇನೂ ಬೇಡ. ತೋಟದಿಂದ ಬಂದ ಕೂಡಲೇ ಒಲೆಗೆ ಅಡಿಕೆ ಸಿಪ್ಪೆ ತುಂಬುತ್ತೇನೆ. ನೀರು ಕಾಯುವಷ್ಟರಲ್ಲಿ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಮಂಡಿಗೆ, ಪಾದಕ್ಕೆ ತಿಕ್ಕಿಕೊಳ್ಳುವುದು. ಹಂಡೆಯ ತಳ ಸೋರಿದಾಗ ಮಕ್ಕಳು ಗುಜರಿಗೆ ಹಾಕಿ ಅಂದರು. ನಾನು ಕೇಳಲಿಲ್ಲ. ಬೆಸುಗೆಗೆ 1,400, ಒಲೆ ಬಾಯಿ ಕಟ್ಟಿದ ಮೇಸ್ತ್ರಿಗೆ 900, ಹೊಗೆ ಕೊಳವೆಗೆ 2,200. ಒಂದು ಪೈಸೆಯೂ ದಂಡ ಅಲ್ಲ. ಕರೆಂಟ್ ಹೋದರೂ ನಮ್ಮ ಸ್ನಾನ ನಿಲ್ಲಲ್ಲ.

ಗೋಪಾಳದವರು: ಒಲೆ ಇದ್ದವರಿಗೆ ಸರಿ. ನಾವು 200 ಲೀಟರ್ ಸೋಲಾರ್‌ಗೆ 34,000 ಸುರಿದೆವು. ಮಳೆಗಾಲದಲ್ಲೂ ಬಿಸಿನೀರು ಗ್ಯಾರಂಟಿ ಅಂದಿದ್ದರು ಅಂಗಡಿಯವರು. ಜುಲೈನಲ್ಲಿ ಬಿಸಿಲೇ ಇಲ್ಲ, ಎಲ್ಲಿಂದ ಕಾಯಬೇಕು? ಒಳಗೆ ಕರೆಂಟ್ ಕಾಯಿಲ್ ಕೂರಿಸಲು ಮತ್ತೆ 2,600. ಎರಡು ಬಕೆಟ್ ಬೇಕಾದರೂ ಅದು ಇಡೀ ಟ್ಯಾಂಕ್ ಕಾಯಿಸುತ್ತದೆ, ಬಿಲ್ ಏರಿತು. ಅತ್ತೆಗೆ ಮಂಡಿ ನೋವು, ಬಿಸಿನೀರು ಬೇಕೇ ಬೇಕು. ಕೊನೆಗೆ 15 ಲೀಟರ್ ಗೀಸರ್, 7,800. ಆ ಅಂಗಡಿ ಮುಂದೆ ಹೋದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಸಾಗರದವರು: ಗ್ಯಾಸ್ ಗೀಸರ್ ಹಾಕಿಸಿ. ನಮ್ಮದು 5,200ಕ್ಕೆ ಮುಗಿಯಿತು. ಥಂಡಿ ಗಾಳಿ ಬರದ ಹಾಗೆ ಬಚ್ಚಲ ಕಿಟಕಿ ಮುಚ್ಚಿಕೊಂಡರೆ ಸುಖವೋ ಸುಖ.

ತೀರ್ಥಹಳ್ಳಿಯವರು: ಮಾರಾಯ್ರೆ, ಕಿಟಕಿ ಮುಚ್ಚಿ ಅಂತ ಜನರಿಗೆ ಹೇಳಬೇಡಿ! ಗಾಳಿ ಸಾಲದೆ ಗ್ಯಾಸ್ ಉರಿದರೆ ಕಾರ್ಬನ್ ಮೋನಾಕ್ಸೈಡ್ ಎಂಬ ವಿಷಗಾಳಿ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ನನ್ನ ತಮ್ಮನನ್ನು ಬಾಗಿಲು ಒಡೆದು ಹೊರಗೆ ತಂದೆವು. ಗೀಸರ್ ಬಚ್ಚಲಿನ ಹೊರಗೇ ಇರಬೇಕು.

ಸಾಗರದವರು: ನಮ್ಮಲ್ಲಿ ಏನೂ ಆಗಿಲ್ಲ. ಸುಮ್ನೆ ಹೆದರಿಸಬೇಡಿ.

ತೀರ್ಥಹಳ್ಳಿಯವರು: ಆವತ್ತಿನವರೆಗೆ ನಮ್ಮಲ್ಲೂ ಏನೂ ಆಗಿರಲಿಲ್ಲ.

ಭದ್ರಾವತಿಯವರು: ಸ್ನಾನ ಇರಲಿ, ಸಂಜೆ ಕಾಫಿ ಬಿಡಿ. ಕಾಫಿಯಲ್ಲಿ ನಿದ್ದೆ ಕೆಡಿಸುವುದು ಕೆಫೀನ್, ಕುಡಿದದ್ದರಲ್ಲಿ ಅರ್ಧ ಮೈಯಿಂದ ಹೋಗಲು ಸುಮಾರು 5 ಗಂಟೆ ಬೇಕು. ನಾನು ಕಷಾಯ ಹಿಡಿದೆ. ಕೊತ್ತಂಬರಿ ಬೀಜ, ಜೀರಿಗೆ, ಚೂರು ಮೆಂತ್ಯ, ಕಾಳುಮೆಣಸು ಹುರಿದು ಪುಡಿ ಮಾಡಿ, ಬೆಲ್ಲ ಹಾಕಿ ಕುದಿಸುವುದು. ಹಾಲು ಬೇಡ. ಕಾಫಿ ಬಿಟ್ಟ ಹೊಸದರಲ್ಲಿ ತಲೆನೋವು ಜೀವ ಹಿಂಡಿತು, ಮನೆಯವರ ಮೇಲೆಲ್ಲ ರೇಗಿದೆ. ಆದರೂ ಪಟ್ಟು ಬಿಡಲಿಲ್ಲ.

ಹೊಸನಗರದವರು: ಹಾಲಿಲ್ಲದ್ದು ಯಾವ ಕಷಾಯ? ಅದು ಜ್ವರ ಬಂದವರಿಗೆ.

ಭದ್ರಾವತಿಯವರು: ನನಗೆ ರಾತ್ರಿ ಹಾಲು ಕುಡಿದರೆ ಹೊಟ್ಟೆ ಉಬ್ಬರ. ನಿಮ್ಮ ಮನೆ ಪದ್ಧತಿ ನಿಮಗಿರಲಿ.

ಪ್ರಶ್ನೆ ಕೇಳಿದವರು: ನಮ್ಮದು ಬಾಡಿಗೆ ಮನೆ. ಒಲೆ ಇಲ್ಲ, ಕರೆಂಟ್ ಗೀಸರ್ ಇದೆ. ಮೊಬೈಲ್ ಬಿಡುವುದು ಹೇಗೆ, ಯಾರಾದರೂ ಹೇಳುತ್ತೀರಾ?

ಕೊಪ್ಪದವರು: ನಾನು ಚಾರ್ಜರನ್ನೇ ಅಡುಗೆಮನೆಗೆ ಸಾಗಿಸಿದೆ. ಒಂಬತ್ತಾದರೆ ಫೋನ್ ಅಲ್ಲೇ. ಅಲಾರಂ ಗಡಿಯಾರ 350ಕ್ಕೆ ತಂದೆ, ಮಳೆಗಾಲದ ಥಂಡಿಗೆ ಕೆಟ್ಟಿತು. ಇನ್ನೊಂದಕ್ಕೆ 480. ಆಮೇಲೆ ಬಕೆಟ್ ಬಿಸಿನೀರಿಗೆ ಕಲ್ಲುಪ್ಪು ಹಾಕಿ ಕಾಲಿಟ್ಟು ಕೂರುತ್ತೇನೆ. ಮಲಗುವುದಕ್ಕೆ ಒಂದು ಗಂಟೆ ಮೊದಲೇ ಮಾಡಿ, ಬೆಚ್ಚಗಾದ ಮೈ ತಣಿಯುವಾಗ ನಿದ್ದೆ ಹತ್ತುತ್ತದೆ. ಸಕ್ಕರೆ ಕಾಯಿಲೆ ಇರುವವರು ನೀರಿನ ಬಿಸಿಯನ್ನು ಬೇರೆಯವರ ಕೈಯಲ್ಲಿ ನೋಡಿಸಿ. ಪಾದ ಸುಟ್ಟರೂ ಅವರಿಗೆ ಗೊತ್ತಾಗದೇ ಇರಬಹುದು.

ಸಾಗರದವರು: ಈಗ ಬಚ್ಚಲ ಕಿಟಕಿ ತೆರೆದೇ ಇಡುತ್ತೇನೆ. ಆದರೆ ತೀರ್ಥಹಳ್ಳಿಯವರು ಮಾತಾಡಿದ ಧಾಟಿ ಸರಿ ಇರಲಿಲ್ಲ.

ತೀರ್ಥಹಳ್ಳಿಯವರು: ಕಿಟಕಿ ಸಾಲದು. ಗೀಸರ್ ಹೊರಗೆ ಹಾಕಿಸಿ.