ಲಂಡನ್‌ನಲ್ಲಿ ಫೋನ್ ಕಿತ್ತುಕೊಂಡು ಹೋದರೆ ಮೊದಲ ಅರ್ಧ ಗಂಟೆ ಏನು ಮಾಡಬೇಕು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಲಂಡನ್‌ಗೆ ಓದೋಕೆ ಬರೋ ನಮ್ಮ ಹುಡುಗ ಹುಡುಗಿಯರಿಗೆ ಕೊಡೋಕೆ ಒಂದು ಪುಟದ ಕನ್ನಡ ಸೂಚನೆ ಸಿದ್ಧವಾಗ್ತಿದೆ. ಜಿಪಿ (ಸ್ಥಳೀಯ ಡಾಕ್ಟರ್) ನೋಂದಣಿ, ಕೌನ್ಸಿಲ್ ಟ್ಯಾಕ್ಸ್ ವಿನಾಯಿತಿ, ಬಾಡಿಗೆ ಠೇವಣಿ ಎಲ್ಲ ಬರೆದಾಯ್ತು. ಫೋನ್ ಕಳ್ಳತನದ ಭಾಗ ಮಾತ್ರ ಇನ್ನೂ ಸರಿಯಾಗಿ ಕೂತಿಲ್ಲ. 2024ರಲ್ಲಿ ಲಂಡನ್ ಒಂದರಲ್ಲೇ ಸುಮಾರು 80,000 ಫೋನ್ ಕಳುವಾಗಿವೆ. "ಹುಷಾರಾಗಿರಿ" ಅಂತ ಒಂದು ಸಾಲು ಬರೆದು ಮುಗಿಸೋ ವಿಷಯ ಅಲ್ಲ ಇದು.

ತೊಡಕು ಎಲ್ಲಿ ಅಂದ್ರೆ: ಕಿತ್ತುಕೊಂಡು ಹೋದ ಕೂಡಲೇ ಮೊದಲು ಯಾವುದು? ಪೊಲೀಸಾ, ಬ್ಯಾಂಕಾ, ಸಿಮ್ಮಾ? "ಪೊಲೀಸರು ಒಂದು ನಂಬರ್ ಕೊಟ್ಟು ಫೈಲ್ ಮುಚ್ತಾರೆ, ದೂರು ಕೊಡೋದೇ ದಂಡ" ಅನ್ನೋ ಮಾತು ನಮ್ಮವರಲ್ಲಿ ಬೇರೂರಿಬಿಟ್ಟಿದೆ, ಇದಕ್ಕೆ ಏನು ಉತ್ತರ ಕೊಡೋದು? ಮತ್ತೆ ಬಹಳಷ್ಟು ಜನ ಬ್ಯಾಂಕ್ ಒಟಿಪಿಗೋಸ್ಕರ ಊರಿನ ಸಿಮ್ಮನ್ನೂ ಅದೇ ಫೋನಿಗೆ ಹಾಕ್ಕೊಂಡು ಓಡಾಡ್ತಾರೆ. ಆ ಫೋನೇ ಹೋದ್ರೆ?

ಮನಸ್ಸಿಗೆ ಚುಚ್ಚೋ ಇನ್ನೊಂದು ಸಂಗತಿ ಇದೆ. ಭುಜ ತಾಗಿದ್ರೂ ಎರಡು ಸಲ ಸಾರಿ ಕೇಳೋ ಜನ, ಕಣ್ಣೆದುರೇ ಫೋನ್ ಕಿತ್ಕೊಂಡು ಹೋದ್ರೂ ತಲೆ ತಗ್ಗಿಸಿ ನಡೆದುಬಿಡ್ತಾರೆ. ಹೊಸಬರಿಗೆ ಇದನ್ನ ಹೇಗೆ ಹೇಳೋದು?

ಕೆಂಪುಬಸ್ಸು:

ಕ್ರಮ ಹೀಗೆ ಬರೆಯಿರಿ: ಫೋನ್ ಲಾಕ್, ಬ್ಯಾಂಕ್, ಸಿಮ್, ಆಮೇಲೆ ಪೊಲೀಸ್. ಕಳ್ಳ ಇನ್ನೂ ಕಣ್ಣಿಗೆ ಕಾಣುತ್ತಿದ್ದರೆ ಅಥವಾ ಹೊಡೆತ ಬಿದ್ದಿದ್ದರೆ ಮಾತ್ರ ಎಲ್ಲಕ್ಕಿಂತ ಮೊದಲು 999, ಅಂದರೆ ತುರ್ತು ಪೊಲೀಸ್ ಕರೆ.

ಲಾಕ್ ಯಾಕೆ ಮೊದಲು ಅಂದರೆ, ಈ ಕಳ್ಳರು ಜೇಬಿನಿಂದ ಎತ್ತುವವರಲ್ಲ. ನೀವು ಮ್ಯಾಪ್ ನೋಡುತ್ತಿರುವಾಗ, ಪರದೆ ತೆರೆದಿರುವಾಗಲೇ ಕಿತ್ತುಕೊಳ್ಳುತ್ತಾರೆ. ಪರದೆ ಆರದಂತೆ ಬೆರಳು ಆಡಿಸುತ್ತಿದ್ದರೆ ಫೋನ್ ತೆರೆದೇ ಇರುತ್ತದೆ. ಬ್ಯಾಂಕ್ ಆಪ್ ಮುಖ ಕೇಳುತ್ತದೆ ನಿಜ, ಆದರೆ ಇಮೇಲ್ ಆಪ್ ಕೇಳುವುದಿಲ್ಲ. ಇಮೇಲ್ ಮತ್ತು ಎಸ್ಎಂಎಸ್ ಎರಡೂ ಕೈಗೆ ಸಿಕ್ಕಿದರೆ ಪಾಸ್‌ವರ್ಡ್ ಬದಲಿಸುವುದು ನಿಮಿಷದ ಕೆಲಸ. ಫೋನ್ ಬೆಲೆಗಿಂತ ದೊಡ್ಡ ನಷ್ಟ ಆಗುವುದು ಇಲ್ಲೇ.

ಪಕ್ಕದವರ ಫೋನ್ ಕೇಳಿ ಪಡೆದು, ಐಫೋನ್ ಆದರೆ ಐಕ್ಲೌಡ್ ಡಾಟ್ ಕಾಮ್ ಸ್ಲ್ಯಾಶ್ ಫೈಂಡ್ ತೆರೆಯಿರಿ. ಈ ಪುಟಕ್ಕೆ ಆಪಲ್ ಐಡಿ ಮತ್ತು ಪಾಸ್‌ವರ್ಡ್ ಸಾಕು, ಎರಡನೇ ಹಂತದ ಕೋಡ್ ಬೇಕಿಲ್ಲ. ಲಾಸ್ಟ್ ಮೋಡ್ ಒತ್ತಿದರೆ ಪರದೆ ಬೀಗ ಬೀಳುತ್ತದೆ, ಆಪಲ್ ಪೇ ಕಾರ್ಡ್‌ಗಳೂ ನಿಲ್ಲುತ್ತವೆ. ಆಂಡ್ರಾಯ್ಡ್ ಆದರೆ ಆಂಡ್ರಾಯ್ಡ್ ಡಾಟ್ ಕಾಮ್ ಸ್ಲ್ಯಾಶ್ ಲಾಕ್. ಅಲ್ಲಿ ಫೋನ್ ನಂಬರ್ ಹಾಕಿದರೆ ಬೀಗ ಬೀಳುತ್ತದೆ, ಆದರೆ ರಿಮೋಟ್ ಲಾಕ್ ಸೆಟ್ಟಿಂಗ್ ಮುಂಚೆಯೇ ಆನ್ ಮಾಡಿಟ್ಟಿರಬೇಕು, ಫೋನ್ ಇಂಟರ್ನೆಟ್‌ನಲ್ಲೂ ಇರಬೇಕು.

ಪಕ್ಕದವರ ಅದೇ ಫೋನಿನಿಂದ 159ಕ್ಕೆ ಕರೆ ಮಾಡಿ. ಬ್ಯಾಂಕಿನ ಹೆಸರು ಹೇಳಿದರೆ ಸಂಪರ್ಕ ಕೊಡುತ್ತಾರೆ, ಇಲ್ಲಿನ ಬಹುತೇಕ ದೊಡ್ಡ ಬ್ಯಾಂಕುಗಳು ಇದರಲ್ಲಿವೆ. ಕರೆ ಮಾಡಿದ ಹೊತ್ತನ್ನು ಬರೆದಿಟ್ಟುಕೊಳ್ಳಿ. 2017ರ ಪಾವತಿ ಸೇವೆಗಳ ನಿಯಮದ ಪ್ರಕಾರ, ನೀವು ತಿಳಿಸುವ ಮುಂಚೆ ಹೋದ ಹಣದಲ್ಲಿ 35 ಪೌಂಡ್ ತನಕ ನಿಮ್ಮ ತಲೆಗೆ ಬರಬಹುದು, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ಹೊಣೆ. ಆದರೆ ಪಿನ್ ಅನ್ನು ಫೋನಿನ ನೋಟ್ಸ್‌ನಲ್ಲಿ ಬರೆದಿಟ್ಟಿದ್ದರೆ ಅದನ್ನು ಘೋರ ನಿರ್ಲಕ್ಷ್ಯ ಎಂದು ಎತ್ತಿ ತೋರಿಸಿ ಹಣ ಕೊಡದೆ ಕೈ ತೊಳೆದುಕೊಳ್ಳಲು ಅವರಿಗೆ ದಾರಿಯಾಗುತ್ತದೆ. ಈ ಒಂದು ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿ.

ಮೂರನೆಯದು ನೆಟ್‌ವರ್ಕ್ ಕಂಪನಿಗೆ ಕರೆ. ಸಿಮ್ ಮತ್ತು ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಎರಡನ್ನೂ ತಡೆಯಲು ಹೇಳಿ. ಸಿಮ್ ಮಾತ್ರ ತಡೆದು ಸುಮ್ಮನಾಗುವವರೇ ಹೆಚ್ಚು.

ಗೋದಾವರಿಮೂಲೆ:

ಮೇಲಿನ ಸಲಹೆಗೆ ಒಂದು ತಿದ್ದುಪಡಿ. ಲಾಸ್ಟ್ ಮೋಡ್ ಆದ ಮೇಲೆ ಫೋನನ್ನು ಅಳಿಸಿಹಾಕುವ ಆತುರ ಬೇಡ. ಅಳಿಸಿದರೂ ಪರವಾಗಿಲ್ಲ, ಆದರೆ ಖಾತೆಯಿಂದ ಆ ಫೋನನ್ನು ತೆಗೆಯಲೇಬಾರದು. ತೆಗೆದ ಕ್ಷಣ ಆಕ್ಟಿವೇಶನ್ ಲಾಕ್ (ನಿಮ್ಮ ಪಾಸ್‌ವರ್ಡ್ ಇಲ್ಲದೆ ಬೇರೆಯವರು ಫೋನ್ ಬಳಸದಂತೆ ತಡೆಯುವ ಬೀಗ) ಬಿಟ್ಟುಹೋಗಿ ಕಳ್ಳನ ಕೈಗೆ ಹೊಸ ಫೋನ್ ಕೊಟ್ಟ ಹಾಗಾಗುತ್ತದೆ. ಕೆಲವು ದಿನ ಬಿಟ್ಟು "ನಿಮ್ಮ ಐಫೋನ್ ಸಿಕ್ಕಿದೆ, ಈ ಲಿಂಕ್ ಒತ್ತಿ" ಎಂದು ಮೆಸೇಜ್ ಬರುತ್ತದೆ. ಪಾಸ್‌ಕೋಡ್ ಕೇಳುವ ಆ ಪುಟ ಆಪಲ್‌ನದಲ್ಲ. ಬೆದರಿಕೆಯ ಮೆಸೇಜೂ ಬರಬಹುದು. ಉತ್ತರ ಕೊಡಬೇಡಿ.

ದೂರು ಕೊಡುವುದು ದಂಡ ಎನ್ನುವವರಿಗೆ ಈ ಪ್ರಕರಣ ಹೇಳಿ. 2024ರ ಕ್ರಿಸ್‌ಮಸ್ ಹಿಂದಿನ ದಿನ ಒಬ್ಬರು ಕಳುವಾದ ತಮ್ಮ ಐಫೋನಿನ ಜಾಡು ಹಿಡಿದು ಹೀಥ್ರೂ ಹತ್ತಿರದ ಒಂದು ಗೋದಾಮಿನ ತನಕ ಹೋದರು. ಅಲ್ಲಿದ್ದ ಪೆಟ್ಟಿಗೆಯಲ್ಲಿ ಸುಮಾರು 900 ಫೋನ್, ಹೊರಟಿದ್ದು ಹಾಂಗ್‌ಕಾಂಗ್‌ಗೆ. ಲಂಡನ್ನಿನ ಮೆಟ್ ಪೊಲೀಸರು ಆ ಎಳೆ ಹಿಡಿದು, ವರ್ಷದೊಳಗೆ 40,000 ತನಕ ಫೋನ್ ಚೀನಾಕ್ಕೆ ಸಾಗಿಸಿದ ಶಂಕೆಯಿರುವ ಜಾಲವನ್ನು 2025ರಲ್ಲಿ ಬಯಲಿಗೆಳೆದರು. ನಿಮ್ಮ ಫೋನ್ ವಾಪಸ್ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಬ್ರಿಟನ್ನಿನ ನೆಟ್‌ವರ್ಕ್‌ಗಳು ತಡೆದ ಐಎಂಇಐಗೆ ಎಲ್ಲ ದೇಶಗಳ ನೆಟ್‌ವರ್ಕ್‌ಗಳು ಬೆಲೆ ಕೊಡುವುದಿಲ್ಲ, ಅದಕ್ಕೇ ಕದ್ದ ಮಾಲು ಗಡಿ ದಾಟುವುದು. ಆದರೆ ದೂರು ಇಲ್ಲದಿದ್ದರೆ ಪೆಟ್ಟಿಗೆ ಸಿಕ್ಕಾಗ ಆ ಫೋನ್ ಕದ್ದದ್ದು ಎಂದು ಸಾಬೀತು ಮಾಡುವುದೇ ಕಷ್ಟ.

ದೂರು ಬರೆಯುವಾಗ "ಸಂಜೆ ಹೊತ್ತಿಗೆ" ಅಂತ ಬರೆಯಬೇಡಿ. 18:42 ಎಂದು ನಿಮಿಷದ ಲೆಕ್ಕ ಕೊಡಿ, ಯಾವ ಅಂಗಡಿಯ ಮುಂದೆ, ಬೈಕು ಯಾವ ಕಡೆಗೆ ತಿರುಗಿತು ಎಂದು ಬರೆಯಿರಿ. ಸಿಸಿಟಿವಿ ದೃಶ್ಯ ಸಾಮಾನ್ಯವಾಗಿ ತಿಂಗಳೊಳಗೆ ಅಳಿಸಿಹೋಗುತ್ತದೆ. ಅಂಗಡಿಯವರು ಅದನ್ನು ನಿಮ್ಮ ಕೈಗೆ ಕೊಡದಿದ್ದರೂ, ಆ ಹೊತ್ತಿನದನ್ನು ಎತ್ತಿಡಿ ಎಂದು ಅವತ್ತೇ ಮ್ಯಾನೇಜರ್‌ಗೆ ಕೇಳಿಕೊಳ್ಳಬಹುದು. ತಳ್ಳಿದ್ದರೆ, ಕೈ ತಿರುಚಿದ್ದರೆ ಅದನ್ನು ಬಿಡದೆ ಬರೆಯಿರಿ. ಬಲ ಬಳಸಿದ್ದರೆ 1968ರ ಕಳ್ಳತನ ಕಾಯ್ದೆಯಲ್ಲಿ ಅದು ದರೋಡೆ, ಬರೀ ಕಳ್ಳತನ ಅಲ್ಲ. ಟ್ಯೂಬ್ (ಲಂಡನ್ ಮೆಟ್ರೋ), ರೈಲಿನೊಳಗೆ ಆದದ್ದು ಬ್ರಿಟಿಷ್ ಟ್ರಾನ್ಸ್‌ಪೋರ್ಟ್ ಪೊಲೀಸರಿಗೆ, 61016ಕ್ಕೆ ಮೆಸೇಜ್. ಬೀದಿಯಲ್ಲಿ ಆದದ್ದು 101 (ತುರ್ತಲ್ಲದ ಪೊಲೀಸ್ ನಂಬರ್) ಅಥವಾ ಆನ್‌ಲೈನ್.

ಶಾಲ್ಮಲಿ_ಕ್ರಾಯ್ಡನ್:

ಊರಿನ ಸಿಮ್ ವಿಷಯಕ್ಕೆ ಬರ್ತೀನಿ, ನಮ್ಮವರು ಎಡವೋದೇ ಇಲ್ಲಿ. ಭಾರತದ ಸಿಮ್ ಕಳೆದ್ರೆ ಡೂಪ್ಲಿಕೇಟ್ ತಗೊಳ್ಳೋಕೆ ಅಂಗಡಿಗೆ ಹೋಗಿ ಗುರುತಿನ ದೃಢೀಕರಣ ಮಾಡಿಸಬೇಕು. ಲಂಡನ್‌ನಲ್ಲಿ ಕೂತು ಮಾಡಿಸೋದು ಬಹಳ ಕಷ್ಟ. ಹೊಸ ಸಿಮ್ ಸಿಕ್ಕಿದ್ರೂ ಮೊದಲ 24 ಗಂಟೆ ಎಸ್ಎಂಎಸ್ ನಿಂತಿರುತ್ತೆ, ಅದು ಸಿಮ್ ಬದಲಿಸಿ ಮೋಸ ಮಾಡೋರನ್ನ ತಡೆಯೋಕೆ ಇರೋ ನಿಯಮ. ಅಂದ್ರೆ ಎಜುಕೇಶನ್ ಲೋನಿನ ಕಂತು ಅಂದೇ ಬಿಡುಗಡೆ ಮಾಡಿಸಬೇಕಿದ್ರೆ ಕೈ ಕಟ್ಟಿಹಾಕಿದ ಹಾಗೆ.

ದಾರಿ ಸುಲಭ ಇದೆ. ಊರಿಂದ ಬರುವಾಗ ಹಳೇ ಫೋನ್ ಒಂದನ್ನ ತನ್ನಿ, ಭಾರತದ ಸಿಮ್ ಅದರಲ್ಲೇ ಇರಲಿ, ಅದು ರೂಮಿನ ಡ್ರಾಯರ್ ಬಿಟ್ಟು ಹೊರಗೆ ಬರೋದು ಬೇಡ. ವಾರಕ್ಕೊಮ್ಮೆ ಚಾರ್ಜ್ ಮಾಡಿ, ರೀಚಾರ್ಜ್ ಮುಗಿಯದ ಹಾಗೆ ನೋಡ್ಕೊಳ್ಳಿ. ಭಾರತದ ಬ್ಯಾಂಕಿನ ಹೊರದೇಶದಿಂದ ಕರೆ ಮಾಡೋ ನಂಬರನ್ನ ಕಾಗದದ ಮೇಲೆ ಬರೆದಿಡಿ.

ಇಲ್ಲಿನ ಸಿಮ್‌ಗೆ ಸಿಮ್ ಪಿನ್ ಹಾಕಿ. ಇದನ್ನ ಮಾಡೋರು ಕಡಿಮೆ. ಫೋನಿಗೆ ಎಷ್ಟೇ ಗಟ್ಟಿ ಬೀಗ ಇದ್ರೂ, ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದ್ರೆ ನಿಮ್ಮ ಒಟಿಪಿ ಎಲ್ಲಾ ಅಲ್ಲಿಗೆ ಬರುತ್ತೆ. ಹಾಕುವಾಗ ಮೊದಲು ಕಂಪನಿಯ ಮೂಲ ಪಿನ್ ಕೇಳುತ್ತೆ, ಊಹೆ ಮಾಡಬೇಡಿ, ಮೂರು ಸಲ ತಪ್ಪಿದ್ರೆ ಪಿಯುಕೆ (ಸಿಮ್ ಬಿಡಿಸೋ ಕೋಡ್) ಕೇಳಿ ಸಿಮ್ ನಿಂತುಬಿಡುತ್ತೆ. ಕಂಪನಿಯ ವೆಬ್‌ಸೈಟಿನಲ್ಲಿ ನೋಡಿ ಹಾಕಿ. ಇ-ಸಿಮ್ ಆದ್ರೆ ಕಿತ್ತು ತೆಗೆಯೋ ಪ್ರಶ್ನೆಯೇ ಇಲ್ಲ.

ಇ-ವೀಸಾ ಮರೀಬೇಡಿ. ಈಗ ಕೈಯಲ್ಲಿ ಹಿಡಿಯೋ ಬಿಆರ್‌ಪಿ (ವಾಸದ ಪರವಾನಗಿ) ಕಾರ್ಡ್ ಇಲ್ಲ, ಎಲ್ಲಾ ಯುಕೆವಿಐ (ಬ್ರಿಟನ್ನಿನ ವೀಸಾ ಇಲಾಖೆ) ಖಾತೆಯಲ್ಲಿ. ಪಾರ್ಟ್‌ಟೈಮ್ ಕೆಲಸಕ್ಕೆ, ಮನೆ ಮಾಲೀಕರಿಗೆ ವೀಸಾ ತೋರಿಸೋಕೆ ಕೊಡೋ ಶೇರ್ ಕೋಡ್ ಅಲ್ಲಿಂದಲೇ ತೆಗೀಬೇಕು, ಒಂದು ಕೋಡ್ 90 ದಿನ ನಡೆಯುತ್ತೆ. ಒಳಗೆ ಹೋಗೋಕೆ ಕೋಡ್ ಬರೋದು ಫೋನಿಗೆ ಅಥವಾ ಇಮೇಲ್‌ಗೆ. ಎರಡೂ ಒಂದೇ ಫೋನಿನಲ್ಲಿದ್ರೆ ಬಾಗಿಲು ಹಾಕಿದ ಹಾಗೇ. ಗೂಗಲ್ ಖಾತೆಯ 10 ಬ್ಯಾಕಪ್ ಕೋಡ್ ಪ್ರಿಂಟ್ ತೆಗೆದು ಪಾಸ್‌ಪೋರ್ಟ್ ಜೊತೆ ಇಡಿ. ಅದೇ ಹಾಳೆಯಲ್ಲಿ *#06# ಒತ್ತಿದಾಗ ಬರೋ 15 ಅಂಕಿಯ ಐಎಂಇಐ ಕೂಡ ಬರೆದಿಡಿ.

ಕೆಂಪುಬಸ್ಸು:

ಶಾಲ್ಮಲಿ ಅವರ ಹಾಳೆಗೆ ಎರಡು ಸೆಟ್ಟಿಂಗ್ ಸೇರಿಸಿ. ಐಫೋನಿನಲ್ಲಿ ಫೇಸ್ ಐಡಿ ಮತ್ತು ಪಾಸ್‌ಕೋಡ್ ಪುಟದ ಒಳಗೆ ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್ ಇದೆ, ಐಓಎಸ್ 17.3ರಿಂದ ಬಂದದ್ದು. ಅದನ್ನು "ಯಾವಾಗಲೂ" ಎಂದು ಇಡಿ. ಆಗ ಆಪಲ್ ಪಾಸ್‌ವರ್ಡ್ ಬದಲಿಸಬೇಕಾದರೆ ಮುಖ ತೋರಿಸಿ, ಒಂದು ಗಂಟೆ ಕಾದು, ಮತ್ತೆ ಮುಖ ತೋರಿಸಬೇಕು. ಪಾಸ್‌ಕೋಡ್ ಕದ್ದು ನೋಡಿದವನಿಗೂ ಪ್ರಯೋಜನವಿಲ್ಲ. ಅದೇ ಪುಟದ ಕೆಳಗೆ, ಬೀಗ ಬಿದ್ದಿರುವಾಗ ಕಂಟ್ರೋಲ್ ಸೆಂಟರ್ ತೆರೆಯದಂತೆ ಮಾಡಿ, ಇಲ್ಲದಿದ್ದರೆ ಕಳ್ಳ ಏರೋಪ್ಲೇನ್ ಮೋಡ್ ಒತ್ತಿ ಜಾಡು ಅಳಿಸುತ್ತಾನೆ. ಆಂಡ್ರಾಯ್ಡ್‌ನಲ್ಲಿ ಥೆಫ್ಟ್ ಡಿಟೆಕ್ಷನ್ ಲಾಕ್ ಇದೆ. ಕೈಯಿಂದ ಫೋನ್ ಜಗ್ಗಿ ಓಡಿದ ಚಲನೆ ಗುರುತಿಸಿ ತಾನೇ ಬೀಗ ಹಾಕಿಕೊಳ್ಳುತ್ತದೆ.

ಮನೆಗೆ ವಾಪಸ್ ಹೋಗುವ ದಾರಿಯೂ ಯೋಚಿಸಬೇಕು. ಲಂಡನ್ ಬಸ್ಸುಗಳು 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ. ಫೋನಿನಲ್ಲೇ ಟ್ಯಾಪ್ ಮಾಡುವವರು ಫೋನ್ ಹೋದ ರಾತ್ರಿ ಬೀದಿಯಲ್ಲಿ ನಿಲ್ಲುತ್ತಾರೆ. ಒಂದು ಕಾರ್ಡ್ ಬೇರೆ ಜೇಬಿನಲ್ಲಿರಲಿ. ಫೋನ್ ಕವರಿನ ಹಿಂದೆ ಕಾರ್ಡ್ ಸಿಕ್ಕಿಸುವ ಅಭ್ಯಾಸ ಇವತ್ತೇ ಬಿಡಿ.

ಬೆಳಗಿನಮಂಜು:

ನಡೆಯುವ ರೀತಿಯ ಬಗ್ಗೆ ಯಾರೂ ಬರೆದಿಲ್ಲ. ಎಲೆಕ್ಟ್ರಿಕ್ ಬೈಕಿನವನು ಸಾಮಾನ್ಯವಾಗಿ ಬೆನ್ನ ಹಿಂದಿನಿಂದ ಬರುತ್ತಾನೆ. ಗಾಲಿಕುರ್ಚಿಗೆಂದು ಇಳಿಜಾರು ಮಾಡಿರುವ ಕಡೆ ಫುಟ್‌ಪಾತ್ ಹತ್ತಿ, ಫೋನಿನ ಮೇಲಂಚನ್ನು ಹಿಡಿದು ಎಳೆಯುತ್ತಾನೆ. ಕೆಳಗಿನಿಂದ ಎರಡು ಬೆರಳಲ್ಲಿ ಹಿಡಿದ ಫೋನ್ ಸಲೀಸಾಗಿ ಬಂದುಬಿಡುತ್ತದೆ. ಮ್ಯಾಪ್ ನೋಡಬೇಕಾದರೆ ನಿಂತು, ರಸ್ತೆ ಅಂಚಿನಿಂದ ದೂರ ಸರಿದು, ಅಂಗಡಿ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈಯಲ್ಲಿ ಹಿಡಿದು ನೋಡಿ. ವಾಹನಗಳು ಎದುರು ಬರುವ ಬದಿಯ ಫುಟ್‌ಪಾತ್‌ನಲ್ಲಿ ನಡೆದರೆ ಬರುವವನು ಕಣ್ಣಿಗೆ ಬೀಳುತ್ತಾನೆ. ಟ್ಯೂಬಿನಲ್ಲಿ ಬಾಗಿಲ ಪಕ್ಕ ಫೋನ್ ಹಿಡಿದು ನಿಲ್ಲಬೇಡಿ, ಬಾಗಿಲು ಮುಚ್ಚುವ ಕೊನೆಯ ಕ್ಷಣದಲ್ಲಿ ಕಿತ್ತು ಹಾರುತ್ತಾರೆ. ಕೆಫೆ ಮೇಜಿನ ಮೇಲೆ ಯಾರಾದರೂ ಮ್ಯಾಪೋ ಕಾಗದವೋ ಹರಡಿ ದಾರಿ ಕೇಳಿದರೆ, ಉತ್ತರಕ್ಕಿಂತ ಮುಂಚೆ ಫೋನಿನ ಮೇಲೆ ಕೈಯಿಡಿ.

ಸ್ಪೀಕರ್ ಹಾಕಿ ಫೋನನ್ನು ಹಪ್ಪಳದ ಹಾಗೆ ಬಾಯಿ ಮುಂದೆ ಹಿಡಿದು ಮಾತಾಡುವ ಚಾಳಿ ಈಗ ಎಲ್ಲರಲ್ಲೂ ಇದೆ. ಕಳ್ಳನಿಗೆ ಅದಕ್ಕಿಂತ ಅನುಕೂಲದ ಹಿಡಿತ ಇಲ್ಲ. ರೈಲಿನಲ್ಲಿ ಅದು ಮರ್ಯಾದೆಗೇಡು ಮಾತ್ರವಲ್ಲ, ಬೇರೆಯವರಿಗೆ ಕಿರಿಕಿರಿಯಾಗುವಂತೆ ಸದ್ದು ಮಾಡಿದರೆ ರೈಲ್ವೆ ಬೈಲಾ 7ರಂತೆ 1,000 ಪೌಂಡ್ ತನಕ ದಂಡ ಇದೆ. ಜಾರಿ ಅಪರೂಪ, ಅದು ನನಗೆ ಬೇಸರದ ಸಂಗತಿ. ನಮ್ಮ ಮಕ್ಕಳಾದರೂ ಇಯರ್‌ಫೋನ್ ಹಾಕಲಿ.

ಇನ್ನು ದಾರಿಹೋಕರ ವಿಷಯ. ಇಲ್ಲಿನವರಿಗೆ ಕರುಣೆ ಇಲ್ಲ ಎಂದು ಬರೆಯಬೇಡಿ. ಬೇರೆಯವರ ವಿಷಯದಲ್ಲಿ ತಲೆ ಹಾಕಬಾರದು ಎನ್ನುವುದು ಇಲ್ಲಿ ಚಿಕ್ಕಂದಿನಿಂದ ಕಲಿತ ಸಭ್ಯತೆ, ಜೊತೆಗೆ ಚಾಕು ಇದ್ದೀತೆಂಬ ಭಯ. ಗುಂಪಿಗೆ ಕೂಗಿದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ. ಒಬ್ಬರನ್ನೇ ಗುರುತಿಸಿ, ಕಣ್ಣಲ್ಲಿ ಕಣ್ಣಿಟ್ಟು, "ನೀಲಿ ಕೋಟಿನವರೇ, ನನ್ನ ಫೋನ್ ಕಿತ್ತುಕೊಂಡರು, ದಯವಿಟ್ಟು ಒಂದು ಕರೆ ಮಾಡಿಕೊಡಿ" ಎಂದು ಕೇಳಲಿ. ಹಾಗೆ ನೇರ ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ಬೈಕಿನ ಹಿಂದೆ ಮಾತ್ರ ಓಡಬಾರದು.

ತುಂಗಾತೀರ:

ಎಲ್ಲರಿಗೂ ಧನ್ಯವಾದ, ಒಂದು ಪುಟ ಎರಡಾಗುತ್ತೆ, ಆಗಲಿ. ವಿಮೆ ಬಗ್ಗೆ ಒಂದೇ ಪ್ರಶ್ನೆ: ಬೆಂಗಳೂರಲ್ಲಿ ಕೊಂಡ ಫೋನಿಗೆ ಇಲ್ಲಿ ವಿಮೆ ಸಿಗುತ್ತಾ?

ಗೋದಾವರಿಮೂಲೆ:

ಪಾಲಿಸಿ ಪ್ರಕಾರ. ಕೆಲವು ಗ್ಯಾಜೆಟ್ ಪಾಲಿಸಿಗಳು ಬ್ರಿಟನ್ನಿನಲ್ಲಿ ಕೊಂಡದ್ದನ್ನು ಮಾತ್ರ ಒಪ್ಪುತ್ತವೆ, ಆ ಷರತ್ತು ಓದದೆ ತಿಂಗಳ ಕಂತು ಕಟ್ಟಬೇಡಿ. ವಿದ್ಯಾರ್ಥಿ ವಸತಿಗೃಹದ ಬಾಡಿಗೆಯಲ್ಲೇ ಸಾಮಾನಿನ ವಿಮೆ ಸೇರಿರಬಹುದು, ಆದರೆ ಅದು ರೂಮಿನ ಒಳಗಿನದ್ದಕ್ಕೆ ಮಾತ್ರವೋ ಹೊರಗೂ ಉಂಟೋ ಕೇಳಿ. ಕ್ಲೇಮಿಗೆ ಬೇಕಾದದ್ದು ಪೊಲೀಸ್ ಕ್ರೈಮ್ ನಂಬರ್, ಐಎಂಇಐ ಇರುವ ಜಿಎಸ್‌ಟಿ ಬಿಲ್, ನೆಟ್‌ವರ್ಕ್ ಸಿಮ್ ತಡೆದ ದಾಖಲೆ. ಎಷ್ಟೋ ಪಾಲಿಸಿಗಳಲ್ಲಿ 24 ಅಥವಾ 48 ಗಂಟೆಯೊಳಗೆ ದೂರು ಕೊಟ್ಟಿರಬೇಕು ಎಂದಿರುತ್ತದೆ. ಮೇಜಿನ ಮೇಲೆ ಬಿಟ್ಟು ಎದ್ದು ಹೋಗಿದ್ದರೆ ಕೊಡುವುದಿಲ್ಲ. ಕ್ಲೇಮ್ ಮುಗಿಯುವ ತನಕ ಫೈಂಡ್ ಮೈ (ಐಫೋನ್ ಹುಡುಕುವ ಸೌಲಭ್ಯ) ಆನ್ ಇರಲಿ, ಬಿಲ್ಲಿನ ಒಂದು ಪ್ರತಿ ಊರಲ್ಲಿ ಅಪ್ಪ ಅಮ್ಮನ ಹತ್ತಿರವೂ ಇರಲಿ.