ಹುಂಡಿ ಒಡೆಯೋದಾ, ಕಾಯೋದಾ?

ಗುಂಪು: ಹಾಸ್ಟೆಲ್ ಡ್ರ್ಯಾಗನ್‌ಗಳು
ಗುಂಪಿನ ವಿವರ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಅನ್ನೋ ಕತೆ ಕಟ್ಟಿ ದಾಳ ಹಾಕೋ ಆಟದವರು. ಆಟ ನಡೆಸೋರು ಡಿಎಂ. ಪುಸ್ತಕಕ್ಕೆ ಕೂಡಿಡೋ ದುಡ್ಡು ಹುಂಡಿ.
13 ಸೆಪ್ಟೆಂಬರ್ 2025, ಶನಿವಾರ ರಾತ್ರಿ

9:04 ಗುಂಡ: [ಫೋಟೊ: ಹಲವು ಬಾರಿ ಫಾರ್ವರ್ಡ್ ಆಗಿದೆ]

9:04 ಗುಂಡ: ಬಂತು ನೋಡ್ರೋ!! ಡಿ ಅಂಡ್ ಡಿ ಮುಂದೆ ಯಾವ್ಯಾವ ಪುಸ್ತಕ ತರುತ್ತೆ ಅನ್ನೋ ಪಟ್ಟಿ ಲೀಕ್ ಆಗಿದೆ. ಆರನೇ ಸಾಲು ಓದಿ. ಡಾರ್ಕ್ ಸನ್, ನಮ್ಮಾಟದ ಹಳೇ ಮರಳುಗಾಡು ಲೋಕ. ಜೂನ್ 2026.

9:05 ಗುಂಡ: ಅದು ಆಟದ ನಾಲ್ಕನೇ ಎಡಿಷನ್‌ನಲ್ಲಿ ಬಂದಿದ್ದು 2010ರಲ್ಲಿ. ಹದಿನೈದು ವರ್ಷ ಕಾದಿದೀನಿ ಕಣ್ರೋ.

9:06 ಸುಳ್ಯ: ಎಂತ ಫೋಟೊ ಮಾರಾಯ ಇದು, ಲ್ಯಾಪ್‌ಟಾಪ್ ಪರದೆಯ ಫೋಟೊ ತೆಗ್ದು ಅದನ್ನು ಪುನಃ ಸ್ಕ್ರೀನ್‌ಶಾಟ್ ಮಾಡಿದ್ದಾ? ಒಂದಕ್ಷರ ಕಾಣುದಿಲ್ಲ.

9:06 ಲಾಯರ್: ಮೂಲ ಯಾವ್ದು?

9:07 ಗುಂಡ: ಆಫೀಸ್ ಹುಡುಗ ಒಬ್ಬ ಕಳ್ಸಿದ. ಅವನಿಗೆ ಅವನ ಡಿಎಂ.

9:07 ಲಾಯರ್: ಆ ಡಿಎಂಗೆ?

9:07 ಗುಂಡ: ನಾನೇನ್ ಕಟಕಟೆಲಿ ನಿಂತಿದೀನಾ

9:08 ಗದಗ: ಲೇ, ಅವಂಗ ಸುಮ್ನ ಲಾಯರ್ ಅಂತ ಹೆಸರಿಟ್ಟೀವೇನು. ಗಾಬ್ಲಿನ್ ಬಾಗಲಾಗ ನಿಂತಿತ್ತೋ ಹೊಸ್ತಿಲ ಮ್ಯಾಲ ನಿಂತಿತ್ತೋ ಅಂತ ಮುಕ್ಕಾಲು ತಾಸು ವಾದ ಮಾಡಿದ ಮನಷ್ಯಾ ಅಂವ.

9:08 ಲಾಯರ್: ಹೊಸ್ತಿಲ ಮೇಲೆ ನಿಂತಿತ್ತು. ಅದಕ್ಕೇ ಬದುಕಿದ್ದು ನೀನು.

9:09 ಗುಂಡ: ವಿಷಯಕ್ಕೆ ಬನ್ನಿ. ನವೆಂಬರ್ 11ಕ್ಕೆ ನಾವು ಆಡೋ ಫೇರೂನ್ ಲೋಕದ ಪುಸ್ತಕ ಎರಡು ಬರ್ತಿವೆ, ಹೀರೋಸ್ ಒಂದು, ಅಡ್ವೆಂಚರ್ಸ್ ಒಂದು. ಅದಕ್ಕೆ ಹುಂಡಿ ಒಡೆಯೋದು ಬೇಡ. ದುಡ್ಡು ಡಾರ್ಕ್ ಸನ್‌ಗೆ ಇರ್ಲಿ ಅಂತ ನನ್ನ ಮಾತು.

9:10 ಪದ್ದು: ಹುಂಡೀಲಿ ಇರೋದು 9,350. ಮಾನ್ಸ್ಟರ್ ಮ್ಯಾನ್ಯುಯಲ್‌ಗೆ ಫೆಬ್ರವರಿಯಲ್ಲಿ 4,200 ಕೊಟ್ವಿ, ಅದೂ ಮೂಲೆ ಮಡಚಿಕೊಂಡು ಬಂತು. ಆ ಲೆಕ್ಕದಲ್ಲಿ ಎರಡು ಪುಸ್ತಕ ತಗೊಂಡ್ರೆ ಹುಂಡಿ ಖಾಲಿ. ಬೇಗ ಹೇಳಿ, ಮುಂಗಡ ಬುಕ್ ಮಾಡಬೇಕು.

9:11 ಲಾಯರ್: ಎಲ್ರೂ ಮೊದಲನೇ ಸಾಲು ಜೂಮ್ ಮಾಡಿ. "ಎಬೆರಾನ್: ಫೋರ್ಜ್ ಆಫ್ ದಿ ಆರ್ಟಿಫಿಸರ್, ಆಗಸ್ಟ್ 19."

9:11 ಲಾಯರ್: ಆಗಸ್ಟ್ 19ಕ್ಕೆ ಯಾರ ಕೈಗಾದ್ರೂ ಬಂತಾ ಪುಸ್ತಕ? ಅದನ್ನ ಡಿಸೆಂಬರ್ 9ಕ್ಕೆ ತಳ್ಳಿದಾರೆ. ಮುಂದಕ್ಕೆ ಹೋಗಿದ್ದೂ ಗೊತ್ತಿಲ್ಲದೋನು ಮುಂದಿನ ವರ್ಷದ ಗುಟ್ಟು ಹೇಳ್ತಾನಂತೆ. ಹಳಸಿದ ಪಟ್ಟಿ.

9:12 ಸುಳ್ಯ: ಹೋಯ್, ಹೌದು ಮಾರಾಯ.

9:14 ಗುಂಡ: ಇರಿ ಇರಿ. ಹಳೇದಾದ್ರೆ ಇನ್ನೂ ಒಳ್ಳೇದಾಯ್ತಲ್ಲ! ಡಾರ್ಕ್ ಸನ್ ವಾಸನೆ ಇರೋ ಯುಎ ಬಂದಿದ್ದು ಆಗಸ್ಟ್ ಕೊನೇಲಿ. ಪಟ್ಟಿ ಅದಕ್ಕೂ ಮುಂಚಿನದು. ಅಂದ್ರೆ ಬರೆದೋನಿಗೆ ಮೊದ್ಲೇ ಗೊತ್ತಿತ್ತು!

9:14 ಪದ್ದು: ಯುಎ ಅಂದ್ರೆ ಏನು? ನಾನು ಆಡೋಕೆ ಶುರು ಮಾಡಿ ಇನ್ನೂ ವರ್ಷ ಆಗಿಲ್ಲ, ಬಿಡಿಸಿ ಹೇಳ್ರಪ್ಪ.

9:17 ಡಿಎಂ ಅಕ್ಕ: ಅನರ್ಥ್ಡ್ ಆರ್ಕಾನಾ, ಪದ್ದು. ಪುಸ್ತಕಕ್ಕೆ ಹಾಕೋ ಮುಂಚೆ ಹೊಸ ನಿಯಮಗಳನ್ನ ಪುಕ್ಕಟೆ ಪಿಡಿಎಫ್ ಮಾಡಿ ಬಿಡ್ತಾರೆ. ನಾವು ಆಡಿ ನೋಡಿ ಸರ್ವೇಲಿ ಬೈತೀವಿ. ಉಪ್ಪು ಸರಿ ಇದೆಯಾ ಅಂತ ಅಂಗೈಗೆ ಒಂದು ಹನಿ ಸಾರು ಹಾಕ್ತಾರಲ್ಲ, ಹಾಗೆ.

9:18 ಗದಗ: ಅಕ್ಕಾ ಬಂದ್ರು. ಅಲ್ಲಿ ಮುಂಜಾನೆ ಏನ್ರೀ?

9:18 ಡಿಎಂ ಅಕ್ಕ: ಒಂಬತ್ತು ಗಂಟೆ ಆಗ್ತಾ ಬಂತು. ಕಾಫಿ ಕೂಡ ಇಳಿದಿಲ್ಲ, ಅಷ್ಟರಲ್ಲಿ ನಿಮ್ಮದು ಇಷ್ಟೊಂದು ಮೆಸೇಜು.

9:19 ಗುಂಡ: ಅಕ್ಕ, ನೀವಿರೋದು ಸಿಯಾಟಲ್. ಈ ಪುಸ್ತಕ ತರೋ ವಿಝರ್ಡ್ಸ್ ಕಂಪನಿಯವರ ಆಫೀಸು ಪಕ್ಕದ ರೆಂಟನ್‌ನಲ್ಲಿ. ಒಂದು ಸಲ ಹೋಗಿ ಕೇಳ್ಕೊಂಡು ಬನ್ನಿ.

9:19 ಡಿಎಂ ಅಕ್ಕ: ಹೂಂ ಕಣಪ್ಪ, ಸಕ್ಕರೆ ಸಾಲ ಕೇಳೋ ನೆಪದಲ್ಲಿ ಹೋಗ್ತೀನಿ.

9:21 ಲಾಯರ್: ಗುಂಡನ ವಾದದಲ್ಲಿ ತೂತಿದೆ. ಆಗಸ್ಟ್ ಯುಎ ನಂತರದ್ದು, ಸರಿ. ಆದ್ರೆ ಸೈಯಾನ್ ಅನ್ನೋ ಹೊಸ ಕ್ಲಾಸಿನ, ಅಂದ್ರೆ ಪಾತ್ರದ ಕಸುಬಿನ, ಯುಎ ಮೇ ತಿಂಗಳಲ್ಲೇ ಬಂತು. ಮನಸ್ಸಿನಿಂದಲೇ ಸಾಮಾನು ಎತ್ತೋದು, ಇನ್ನೊಬ್ರ ತಲೆ ಒಳಗೆ ಇಣುಕೋದು. ಸೈಯಾನ್ ಅಂದ ತಕ್ಷಣ ಡಾರ್ಕ್ ಸನ್ ಅಂತ ಯಾರು ಬೇಕಾದ್ರೂ ಹೇಳ್ತಾರೆ. ನೀನೇ ಹೇಳಿದ್ದೆ, ಇದೇ ಗುಂಪಲ್ಲಿ. ಮೇಲಕ್ಕೆ ಸ್ಕ್ರೋಲ್ ಮಾಡು.

9:22 ಸುಳ್ಯ: ಹಾಗಾದ್ರೆ ಈ ಪಟ್ಟಿ ಮಾಡಿದ್ದೇ ಗುಂಡ ಇರ್ಬೌದು.

9:23 ಗುಂಡ: ಆಯ್ತಪ್ಪ, ಪಟ್ಟಿ ಬಿಡಿ. ಪಟ್ಟಿ ಇಲ್ದೇನೇ ವಾದ ಮಾಡ್ತೀನಿ. ಆಗಸ್ಟ್ ಯುಎ ಹೆಸರೇ ಅಪೋಕಲಿಪ್ಟಿಕ್ ಸಬ್‌ಕ್ಲಾಸಸ್. ಒಳಗಿರೋದು ನಾಲ್ಕು ಸಬ್‌ಕ್ಲಾಸ್, ಅಂದ್ರೆ ಕ್ಲಾಸಿನ ಕವಲು. ಗ್ಲಾಡಿಯೇಟರ್ ಫೈಟರ್. ಭೂಮಿ ಉಳಿಸೋ ಡ್ರೂಯಿಡ್. ಜೀವಸತ್ವ ಹೀರಿ ಮಂತ್ರ ಹಾಕೋ ಸಾರ್ಸರರ್. ಸಾರ್ಸರರ್-ಕಿಂಗ್, ಅಂದ್ರೆ ಮಂತ್ರವಾದಿ ರಾಜ, ಅವನ ಜೊತೆ ಒಪ್ಪಂದ ಮಾಡ್ಕೊಂಡಿರೋ ವಾರ್ಲಾಕ್. ಸಾರ್ಸರರ್-ಕಿಂಗ್ ಅಂದ್ರೆ ಬೇರೆ ಯಾವ ಲೋಕ ನೆನಪಾಗುತ್ತೆ ಹೇಳು?

9:24 ಲಾಯರ್: ಡಾರ್ಕ್ ಸನ್ ಭೂಮಿ ಹೆಸರು ಅಥಾಸ್. ಆ ಹೆಸರು ಎಲ್ಲಿದೆ ಅದ್ರಲ್ಲಿ, ತೋರ್ಸು.

9:24 ಗುಂಡ: ಗಂಡನ ಹೆಸರು ಹೇಳಬಾರದು ಅಂತಿದ್ರಲ್ಲ ಹಿಂದೆ, ಆ ಥರ ಇಟ್ಟಿದಾರೆ.

9:25 ಪದ್ದು: ನಂಗೆ ಒಂದೇ ಪ್ರಶ್ನೆ. ಈ ಡಾರ್ಕ್ ಸನ್‌ನಲ್ಲಿ ಅಂಥದ್ದೇನಿದೆ?

9:28 ಗುಂಡ: ಪದ್ದು, ಕೇಳು. 1991ರಲ್ಲಿ ಬಂದ ಲೋಕ. ಅಥಾಸ್ ಅನ್ನೋ ಸತ್ತ ಭೂಮಿ, ಮರಳು, ಕೆಂಪು ಸೂರ್ಯ. ದೇವರಿಲ್ಲ. ಕಬ್ಬಿಣ ತುಂಬಾ ಅಪರೂಪ, ಕತ್ತಿ ಮಾಡೋದು ಮೂಳೇಲಿ, ಕಪ್ಪು ಗಾಜುಗಲ್ಲಲ್ಲಿ. ನೀನು ಜೋಪಾನ ಇಲ್ದೆ ಒಂದು ಮಂತ್ರ ಹಾಕಿದ್ರೆ ಕಾಲ ಸುತ್ತ ಇರೋ ಹುಲ್ಲು ಬೂದಿಯಾಗುತ್ತೆ. ಲೋಕ ಹಾಳಾಗಿದ್ದೇ ಹಾಗೆ, ಮಂತ್ರವಾದಿಗಳು ಹೀರಿ ಹೀರಿ. ನಮ್ಮ ಫೇರೂನ್‌ನಲ್ಲಿ ಚಿನ್ನ ಹುಡುಕ್ತೀವಿ, ಅಲ್ಲಿ ನೀರು ಹುಡುಕ್ಬೇಕು.

9:29 ಲಾಯರ್: ನೀರಿಗೆ ಪರದಾಡೋದು 2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಆಡಿದೀವಿ. ಟ್ಯಾಂಕರ್ ಡ್ರೈವರೇ ಸಾರ್ಸರರ್-ಕಿಂಗ್.

9:30 ಗದಗ: ನನಗ ಅದರಾಗ ಸೇರಿದ್ದು ಬ್ಯಾರೇನ ಐತಿ. ಹಳೇ ಆಟದಾಗ ಒಬ್ಬೊಬ್ಬರಿಗೆ ನಾಕು ಕ್ಯಾರೆಕ್ಟರ್ ಮಾಡ್ಕೋರಿ ಅಂತ ಬರದಿದ್ರು. ಒಬ್ಬಂವ ಆಡಾಂವ, ಮೂರು ಮಂದಿ ಮೀಸಲು. ಯಾಕಂದ್ರ ಆಡಾಂವ ಸಾಯೂದು ಗ್ಯಾರಂಟಿ.

9:30 ಪದ್ದು: ಹೋ. ಇದು ಪರವಾಗಿಲ್ಲ.

9:33 ಸುಳ್ಯ: ನಾನು ಹೇಳುದು ಕೇಳಿ. ಯುಎ ಬಂದದ್ದೆಲ್ಲ ಪುಸ್ತಕ ಆಗುದಾದ್ರೆ, ಮೇಯಲ್ಲಿ ಹಾರರ್ ಸಬ್‌ಕ್ಲಾಸ್ ಕೂಡ ಬಂದಿತ್ತಲ್ಲ. ಅಂದ್ರೆ ಭೂತದ ಲೋಕ ರೇವನ್‌ಲಾಫ್ಟ್ ಉಂಟು. ಜೂನಲ್ಲಿ ಆರ್ಕೇನ್ ಅಂತ ಇನ್ನೊಂದು ಬಂತು. ಅಂದ್ರೆ ಮಂತ್ರದ್ದೇ ಒಂದು ಪುಸ್ತಕ. ಸರದಿಯಲ್ಲಿ ಡಾರ್ಕ್ ಸನ್ ಎಷ್ಟನೆಯದ್ದು? ನನ್ನ ಪ್ರಕಾರ ಮೊದಲು ರೇವನ್‌ಲಾಫ್ಟ್. ಭೂತದ ಕತೆಗೆ ಯಾವಾಗ್ಲೂ ಗಿರಾಕಿ ಉಂಟು.

9:34 ಗುಂಡ: ಹಳೇ ಲೆಕ್ಕ ನೋಡು. ಗಾಥಿಕ್ ಲಿನಿಯೇಜಸ್ ಯುಎ 2021 ಜನವರಿ, ರೇವನ್‌ಲಾಫ್ಟ್ ಪುಸ್ತಕ ಮೇ. ಟ್ರಾವೆಲರ್ಸ್ ಆಫ್ ದಿ ಮಲ್ಟಿವರ್ಸ್ 2021 ಅಕ್ಟೋಬರ್, ಸ್ಪೆಲ್‌ಜ್ಯಾಮರ್ 2022 ಆಗಸ್ಟ್. ಹೀರೋಸ್ ಆಫ್ ಕ್ರಿನ್ 2022 ಮಾರ್ಚ್, ಡ್ರ್ಯಾಗನ್‌ಲ್ಯಾನ್ಸ್ ಡಿಸೆಂಬರ್. ಈ ಫೇರೂನ್ ಸಬ್‌ಕ್ಲಾಸ್‌ಗಳದ್ದು ಈ ಜನವರಿ, ಪುಸ್ತಕ ನವೆಂಬರ್. ರೇವನ್‌ಲಾಫ್ಟ್ ಒಂದು ಬಿಟ್ರೆ ಹೆಚ್ಚೂ ಕಡಿಮೆ ಹತ್ತು ತಿಂಗಳ ಬಸಿರು. ಆಗಸ್ಟ್‌ಗೆ ಹತ್ತು ಕೂಡ್ಸು. ಜೂನ್ 2026!

9:35 ಗದಗ: ಏ, ಲೆಕ್ಕ ಕೂಡತೈತಿ ಲಾಯರ್.

9:37 ಲಾಯರ್: ಗರ್ಭಪಾತಗಳನ್ನ ಯಾಕೆ ಬಿಟ್ಟೆ? ಇದೇ ಸೈಯಾನ್‌ನ ಅಣ್ಣ, ಮಿಸ್ಟಿಕ್. 2015ರಿಂದ 2017ರವರೆಗೆ ಮೂರು ಸಲ ಯುಎ ಬಿಟ್ರು. ಜನ ಆಡಿದ್ರು, ನಾನೂ ಆಡಿದೆ. ಪುಸ್ತಕ? ಸೊನ್ನೆ. 2021 ಜೂನ್‌ನಲ್ಲಿ ಸ್ಟ್ರಿಕ್ಸ್‌ಹೇವನ್ ಯುಎ ಬಂತು, ಒಂದೇ ಸಬ್‌ಕ್ಲಾಸ್ ಹಲವು ಕ್ಲಾಸಿಗೆ ಹೊಂದೋ ಥರ. ಜನ ಒಪ್ಪಲಿಲ್ಲ. ಡಿಸೆಂಬರ್‌ನಲ್ಲಿ ಪುಸ್ತಕ ಬಂತು, ಅದ್ರಲ್ಲಿ ಆ ಸಬ್‌ಕ್ಲಾಸ್ ಒಂದೂ ಇರ್ಲಿಲ್ಲ. ಹುಡುಗಿ ನೋಡಕ್ಕೆ ಬಂದು ಉಪ್ಪಿಟ್ಟು ತಿಂದೋರೆಲ್ಲ ಮದುವೆ ಆಗ್ತಾರಾ?

9:38 ಪದ್ದು: ನಮ್ಮನೇಲಿ ಏಳು ಜನ ತಿಂದ್ಕೊಂಡು ಹೋಗಿದಾರೆ. ಲಾಯರ್ ಹೇಳೋದ್ರಲ್ಲಿ ಅರ್ಥ ಇದೆ.

9:41 ಲಾಯರ್: ಇನ್ನೊಂದು. ಈ ಎಡಿಷನ್ ಕಟ್ಟಿದ ಕ್ರಿಸ್ ಪರ್ಕಿನ್ಸ್, ಜೆರೆಮಿ ಕ್ರಾಫರ್ಡ್ ಇಬ್ರೂ ಏಪ್ರಿಲ್‌ನಲ್ಲಿ ಕಂಪನಿ ಬಿಟ್ರು, ಜೂನ್‌ನಲ್ಲಿ ಡ್ಯಾರಿಂಗ್ಟನ್ ಪ್ರೆಸ್ ಅನ್ನೋ ಬೇರೆ ಕಂಪನಿ ಸೇರಿದ್ರು. ಅಡುಗೆಯವರೇ ಬದಲಾದ ಮೇಲೆ ಊಟದ ಪಟ್ಟಿ ಹಂಗೇ ಇರುತ್ತಾ?

9:42 ಗುಂಡ: ದಿನಸಿ ಅವರೇ ತಂದಿಟ್ಟು ಹೋಗಿರ್ತಾರೆ ಕಣೋ.

9:45 ಡಿಎಂ ಅಕ್ಕ: ನೀವಿಬ್ರೂ ದಿನಾಂಕ ಹಿಡ್ಕೊಂಡು ಜಗ್ಗಾಡ್ತಿದೀರಿ. ನಂಗೆ ಅನ್ಸೋ ಅಡ್ಡಿ ಬೇರೆ. ಅಥಾಸ್ ನಿಂತಿರೋದೇ ಗುಲಾಮಗಿರಿ ಮೇಲೆ. ಸಂತೇಲಿ ಜನರನ್ನ ಮಾರ್ತಾರೆ, ಕಣದಲ್ಲಿ ಕಾದಾಡಿಸ್ತಾರೆ. ಎರಡು ವರ್ಷದ ಹಿಂದೆ ಕಂಪನಿಯವರೇ ಸಂದರ್ಶನದಲ್ಲಿ ಹೇಳಿದ್ರು, ಈ ಲೋಕವನ್ನ ಇವತ್ತಿಗೆ ತರೋದು ಕಷ್ಟ ಅಂತ.

9:46 ಸುಳ್ಯ: ಅದನ್ನು ತೆಗ್ದು ಕೊಟ್ರೆ ಮೀನಿಲ್ಲದ ಮೀನ್ ಸಾರು.

9:48 ಡಿಎಂ ಅಕ್ಕ: ಅಲ್ಲ ಸುಳ್ಯ, ಆ ಕತೆ ಗುಲಾಮಗಿರಿ ಪರ ಅಲ್ಲವೇ ಅಲ್ಲ. ಟೈರ್ ನಗರದ ಸಾರ್ಸರರ್-ಕಿಂಗ್ ಕಲಾಕ್ ಬೀಳೋದೇ ದಂಗೆ ಎದ್ದವರ ಕೈಲಿ. ಆದ್ರೆ ಹನ್ನೆರಡು ವರ್ಷದ ಮಕ್ಕಳೂ ಆಡೋ ಆಟದ ಪುಸ್ತಕದಲ್ಲಿ ಅದನ್ನ ಬರೆಯೋಕೆ ಗಟ್ಟಿ ಕೈ ಬೇಕು. ಯುಎನಲ್ಲಿ ಗ್ಲಾಡಿಯೇಟರ್ ಇದಾನೆ, ಅವನನ್ನ ಕಣಕ್ಕೆ ತಳ್ಳಿದ್ದು ಯಾರು ಅನ್ನೋದು ಅಷ್ಟಾಗಿ ಇಲ್ಲ. ನಂಗೆ ಕಾಣೋದು ಅದೇ. ಡಾರ್ಕ್ ಸನ್ ಬಂದ್ರೂ ಬರಬಹುದು ಗುಂಡ. ನೀನು ಕಾಯ್ತಿರೋ ಡಾರ್ಕ್ ಸನ್ ಬರೋದು ಅನುಮಾನ.

9:49 ಗುಂಡ: (ಈ ಸಂದೇಶವನ್ನು ಅಳಿಸಲಾಗಿದೆ)

9:50 ಗದಗ: ಏನೋ ಬರದು ಅಳಿಸಿದ್ಯೋ, ಅಳಾಕತ್ತಿಯೇನು?

9:52 ಡಿಎಂ ಅಕ್ಕ: ಡಾರ್ಕ್ ಸನ್‌ನ ಹಳೇ ಪೆಟ್ಟಿಗೆಯ ಪಿಡಿಎಫ್ ಡಿಎಂಸ್ ಗಿಲ್ಡ್ ವೆಬ್‌ಸೈಟಲ್ಲಿ ದುಡ್ಡು ಕೊಟ್ರೆ ಸಿಗುತ್ತೆ. ಸೈಯಾನ್ ಪುಕ್ಕಟೆ ಇದೆ, ಆ ನಾಲ್ಕು ಸಬ್‌ಕ್ಲಾಸೂ ಪುಕ್ಕಟೆ ಇವೆ. ದೀಪಾವಳಿ ರಜೆಯಲ್ಲಿ ಒಂದೇ ದಿನದ ಆಟ ನಾನು ಮಾಡಿಸ್ತೀನಿ. ಪೆನ್ಸಿಲ್ ತಗೊಂಡು ನಿಯಮ ಹೊಂದಿಸ್ಕೊಂಡ್ರೆ ಆಯ್ತು. ಅದಕ್ಕೆ ರೆಂಟನ್‌ನವರ ಅಪ್ಪಣೆ ಬೇಕಾ?

9:53 ಪದ್ದು: ಹುಂಡಿ ಹುಂಡಿ ಹುಂಡಿ. ಯಾರಾದ್ರೂ ಉತ್ತರ ಕೊಡ್ರಪ್ಪ.

9:54 ಡಿಎಂ ಅಕ್ಕ: ಡಿಎಂಗೆ ಬೇಕಾದ ಅಡ್ವೆಂಚರ್ಸ್ ನಾನೇ ಇಲ್ಲಿ ತಗೋತೀನಿ. ನೀವು ಹೀರೋಸ್ ಆಫ್ ಫೇರೂನ್ ಒಂದೇ ತಗೊಳ್ಳಿ. ಅರ್ಧ ಹುಂಡಿ ಉಳಿಯುತ್ತೆ, ಗುಂಡನ ಆಸೆಗೆ ಇಟ್ಟಿರಿ.

9:55 ಲಾಯರ್: ಒಪ್ಪಿದೆ.

9:55 ಸುಳ್ಯ: ಆಗ್ಬೌದು.

9:55 ಗದಗ: ಹೂಂ.

9:56 ಗುಂಡ: ನನ್ನ ವಿರೋಧ ಇದೆ ಅಂತ ಬರ್ಕೊಳ್ಳಿ.

9:57 ಪದ್ದು: ಗುಂಡ, ಏಪ್ರಿಲ್‌ನಿಂದ ನಿನ್ನ ತಿಂಗಳ 200 ಬಂದಿಲ್ಲ ಅಂತಾನೂ ಬರ್ಕೊಂಡಿದೀನಿ. ಆರು ತಿಂಗಳದ್ದು.

9:57 ಗುಂಡ: ಸರಿ. ಸರ್ವಾನುಮತ.

10:03 ಗದಗ: ಅಕ್ಕಾ, ಅದಿರ್ಲಿ, ನಾಳೆ ಮುಂಜಾನೆ ಏಳಕ್ಕ ಆಟ ಐತ್ಯೋ ಇಲ್ರೀ? ಜುಲೈ 27ಕ್ಕ ನನ್ನ ಡ್ವಾರ್ಫ್‌ನ ಬಾವ್ಯಾಗ ಇಳಿಸಿದ್ರಿ. ಏಳು ವಾರ ಆತು, ಹಗ್ಗ ಹಿಡ್ಕೊಂಡು ಜೋತಾಡಾಕತ್ತಾನ.

10:04 ಡಿಎಂ ಅಕ್ಕ: ನಾನು ರೆಡಿ. ಯಾರ್ಯಾರು ಬರ್ತೀರಿ?

10:06 ಸುಳ್ಯ: ನಾಳೆ ಅಜ್ಜನ ತಿಥಿ ಉಂಟು ಅಕ್ಕ. ಪಿತೃಪಕ್ಷ ಅಲ್ವಾ.

10:07 ಲಾಯರ್: ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಮೀಟಿಂಗ್. ಪಾರ್ಕಿಂಗ್ ವಿಷಯ, ನಾನು ಹೋಗ್ಲೇಬೇಕು.

10:07 ಪದ್ದು: ಪಾಪ, ಆ ಅಸೋಸಿಯೇಷನ್‌ನವರು. ನಾನು ಬರ್ತೀನಿ ಅಕ್ಕ.

10:09 ಗದಗ: ಇಬ್ಬರ ಕೂಡ ಹೆಂಗ ಆಡೂದು. ಹಗ್ಗ ಹರೀತೈತ್ರೀ ಅಕ್ಕಾ.

10:10 ಡಿಎಂ ಅಕ್ಕ: ಹಗ್ಗಕ್ಕೆ ಒಂದು ಇಪ್ಪತ್ತು ಮುಖದ ದಾಳ ಹಾಕು ಹಾಗಾದ್ರೆ. ಈಗ್ಲೇ, ಫೋಟೊ ಸಮೇತ. ಹನ್ನೆರಡು ದಾಟಿದ್ರೆ ಉಳ್ಕೊಂಡ.

10:12 ಗದಗ: [ಫೋಟೊ]

10:12 ಪದ್ದು: ಅಯ್ಯೋ. ಮೂರು.

10:13 ಗುಂಡ: ಡಾರ್ಕ್ ಸನ್ ಆಗಿದ್ರೆ ನಿಂಗೆ ಇನ್ನೂ ಮೂರು ಕ್ಯಾರೆಕ್ಟರ್ ಇರ್ತಿದ್ವು ನೋಡು.